ಜೀವ ಐತಾ ನೋಡು

ಜೂನ್ ತಿಂಗಳ ಒಂದು ಭಾನುವಾರ ಸಂಜೆ ಮಗಳು ಹೋಂವರ್ಕ್ ಪುಸ್ತಕ ಹಿಡ್ಕೊಂಡು ಬಂದಳು. ಪುಟದ ಮಧ್ಯೆ ಒಂದು ಗೆರೆ. ಎಡಕ್ಕೆ ಜೀವ ಇರೋದು, ಬಲಕ್ಕೆ ಜೀವ ಇಲ್ಲದ್ದು. ನಾಯಿ, ಕಲ್ಲು, ಬಸ್ಸು, ಮಾವಿನ ಮರ ಎಲ್ಲಾ ತಂತಮ್ಮ ಜಾಗದಲ್ಲಿ ಕೂತಿದ್ದವು. ಉಳಿದಿದ್ದು ಒಂದೇ ಪದ: ಬೀಜ.

"ಬಲಕ್ಕೆ ಬರೀಲಾ ಅಪ್ಪಾ?"

"ಯಾಕೆ?"

ಬೆರಳು ಮಡಚಿ ಲೆಕ್ಕ ಒಪ್ಪಿಸಿದಳು. "ಬೆಳೆಯಲ್ಲ, ಉಸಿರಾಡಲ್ಲ, ತಿನ್ನಲ್ಲ, ಅಲ್ಲಾಡಲ್ಲ, ಮುಟ್ಟಿದ್ರೆ ಏನೂ ಮಾಡಲ್ಲ, ಮರಿನೂ ಹಾಕಲ್ಲ. ನಮ್ಮ ಬುಕ್ಕಲ್ಲಿರೋ ಒಂದೂ ಇಲ್ಲ."

"ಎಡಕ್ಕೆ ಬರಿ" ಅಂದೆ. ಈಗ 'ಯಾಕೆ' ಅನ್ನೋ ಸರದಿ ಅವಳದು. ನನಗೆ ಬಾಯಿ ಬರಲಿಲ್ಲ.

ದಿನವಿಡೀ ಕಂಡೀಷನ್ ಬರೆಯೋದೇ ನನ್ನ ಕೆಲಸ. ಇಷ್ಟು ಗುಣ ಇದ್ದರೆ ಈ ಕಡೆ, ಇಲ್ಲದಿದ್ದರೆ ಆ ಕಡೆ. ಆದರೆ ಆ ಪಟ್ಟಿಯನ್ನು ಹಾಗೇ ನಂಬಿದರೆ ಒಲೆಯ ಬೆಂಕಿ ಸುಮಾರಾಗಿ ಪಾಸಾಗುತ್ತೆ. ಸೌದೆ ತಿನ್ನುತ್ತೆ, ಆಮ್ಲಜನಕ ಬೇಕು ಅನ್ನುತ್ತೆ, ಬೆಳೆಯುತ್ತೆ, ಒಂದು ಇದ್ದದ್ದು ಹತ್ತಾಗುತ್ತೆ, ಬೂದಿ ಬಿಡುತ್ತೆ. ಹೇಸರಗತ್ತೆ ಸಾಮಾನ್ಯವಾಗಿ ಮರಿಯನ್ನೇ ಹಾಕಲ್ಲ, ಆದರೂ ಅದು ಒದ್ದರೆ ಗೊತ್ತಾಗುತ್ತೆ ಜೀವ ಇದೆಯೋ ಇಲ್ಲವೋ ಅಂತ. ಬೀಜದ ವಿಷಯಕ್ಕೆ ಬಂದರೆ ಪಟ್ಟಿ ಪೂರ್ತಿ ಕೈ ಕೊಡುತ್ತೆ.

ರಾತ್ರಿ ಊರಿಗೆ ಫೋನ್ ಮಾಡಿದಾಗ ಅವ್ವನಿಗೆ ಇದನ್ನ ಹೇಳಿ ನಕ್ಕೆ. ಅವ್ವ ನಗಲಿಲ್ಲ. "ನಿಮ್ಮಪ್ಪ ಇಟ್ಟಿರೋ ಅವರೆ ಬೀಜ ಇನ್ನೂ ಅಟ್ಟದ ಮ್ಯಾಲೇ ಐತೆ ಕಣಪ್ಪ. ಬಂದು ಜೀವ ಐತಾ ನೋಡು" ಅಂದಳು.

ಅಪ್ಪ ತೀರಿಕೊಂಡು ಮೂರು ವರ್ಷ. ಅವರ ಕೊನೆಯ ಬೆಳೆಯಲ್ಲಿ ಒಳ್ಳೊಳ್ಳೆ ಕಾಯಿ ಆರಿಸಿ, ಒಣಗಿಸಿ, ಬೂದಿ ಬೆರೆಸಿ, ಒಂದು ತಗಡಿನ ಡಬ್ಬದಲ್ಲಿ ತುಂಬಿ, ಮೇಲೆ ಬೇವಿನ ಸೊಪ್ಪು ಹಾಕಿ ಇಟ್ಟಿದ್ದರು. ಅವ್ವ ಅದನ್ನ ಸಾರಿಗೂ ಹಾಕಲಿಲ್ಲ, ಕೇಳಿದವರಿಗೂ ಕೊಡಲಿಲ್ಲ. ಹೊಲ ಬೀಳು ಬಿದ್ದಿದೆ. ಪ್ರತಿ ಮುಂಗಾರಿಗೂ ನಾನು "ಈ ಸಲ ರಿಲೀಸ್ ಇದೆ ಅವ್ವಾ, ಮುಂದಿನ ವರ್ಷ ಬಿತ್ತಿಸೋಣ" ಅನ್ನುತ್ತಾ ಬಂದೆ. ಬೀಜ ತಾನೇ, ಎಲ್ಲಿ ಹೋಗುತ್ತೆ ಅನ್ನೋದು ನನ್ನ ಲೆಕ್ಕ. ಡಬ್ಬದಲ್ಲಿ ಇಟ್ಟದ್ದು ಇಟ್ಟ ಹಾಗೇ ಇರುತ್ತೆ ಅಂದುಕೊಂಡಿದ್ದೆ.

ಮುಂದಿನ ಶನಿವಾರ ಮಗಳನ್ನ ಕರ್ಕೊಂಡು ಊರಿಗೆ ಹೋದೆ. ಡಬ್ಬದ ಬಾಯಿ ತೆಗೆದರೆ ಕಾಳು ನೋಡೋಕೆ ಚೆನ್ನಾಗೇ ಇದ್ದವು. ಹುಳ ಬಿದ್ದಿರಲಿಲ್ಲ. ನೂರು ಕಾಳು ಎಣಿಸಿದಳು ಮಗಳು. ಅಪ್ಪ ಮಾಡುತ್ತಿದ್ದ ಹಾಗೇ ಒದ್ದೆ ಗೋಣಿಚೀಲದ ತುಂಡಿನಲ್ಲಿ ಸುತ್ತಿ ಬೆಂಗಳೂರಿಗೆ ತಂದು ಅಡುಗೆಮನೆ ಮೂಲೆಯಲ್ಲಿ ಇಟ್ಟೆವು. ದಿನಾ ನೀರು ಚಿಮುಕಿಸೋ ಕೆಲಸ ಅವಳದು.

ಊರಲ್ಲೇ ಇನ್ನಷ್ಟು ಕಾಳನ್ನ ರಾತ್ರಿ ನೆನೆಹಾಕಿದ್ದೆ. ಹಿದುಕಿದ ಬೇಳೆ ಸಾರು ತಿನ್ನೋಳಿಗೆ ಅವರೆ ಹಿದುಕೋದು ಹೇಳಿಕೊಡಬೇಕಿಲ್ಲ. ಒಂದು ಕಾಳಿನ ಸಿಪ್ಪೆ ಬಿಡಿಸಿ, ಎರಡು ಬೇಳೆ ಮೆಲ್ಲಗೆ ಅಗಲಿಸಿ ತೋರಿಸಿದೆ. ಸಂದಿಯಲ್ಲಿ ಬಿಳಿ ಕೊಕ್ಕಿನಂಥದ್ದು ಒಂದು, ಅದಕ್ಕೆ ಅಂಟಿಕೊಂಡು ಮಡಚಿಟ್ಟ ಎರಡು ಸಣ್ಣ ಎಲೆ. "ಇದು ಗಿಡ. ಈ ಎರಡು ಬೇಳೆ ಅದರ ಬುತ್ತಿ. ಬೇರು ಬಿಟ್ಟು, ಎಲೆ ಬಂದು, ಬಿಸಿಲಲ್ಲಿ ತಾನೇ ಅಡುಗೆ ಮಾಡ್ಕೊಳ್ಳೋವರೆಗೆ ತಿನ್ನೋಕೆ ಅಂತ ಅಮ್ಮ ಗಿಡ ಕಟ್ಟಿಕೊಟ್ಟಿದ್ದು." ಅವಳು ಆ ಕಾಳನ್ನ ಬಿಸಾಕೋಕೆ ಬಿಡಲಿಲ್ಲ.

ಒಣ ಬೀಜ ಸುಮ್ಮನೆ ಕೂತಿರುತ್ತೆ ಅಂತ ನಾನು ತಿಳಿದಿದ್ದು ತಪ್ಪು. ನೀರಿನಂಶ ತುಂಬಾ ಕಮ್ಮಿ ಮಾಡಿಕೊಂಡು ಅದು ಖರ್ಚನ್ನೆಲ್ಲ ತಗ್ಗಿಸಿರುತ್ತೆ ಅಷ್ಟೇ. ಜೀವಕೋಶಗಳ ಪೊರೆ ನಿಧಾನಕ್ಕೆ ಸವೆಯುತ್ತೆ, ಡಿಎನ್‌ಎ ಅಲ್ಲಲ್ಲಿ ಕೆಡುತ್ತೆ. ನೀರು ಸಿಕ್ಕ ಕೂಡಲೇ ಬೀಜ ಮಾಡೋ ಮೊದಮೊದಲ ಕೆಲಸಗಳಲ್ಲಿ ಈ ರಿಪೇರಿಯೂ ಒಂದು. ರಿಪೇರಿ ಮಾಡೋಕೂ ಆಗದಷ್ಟು ಹಾಳಾಗಿದ್ದರೆ ಅದು ಮೊಳೆಯಲ್ಲ. ಹೊರಗಿನಿಂದ ನೋಡಿದರೆ ಎರಡಕ್ಕೂ ಏನೂ ವ್ಯತ್ಯಾಸ ಕಾಣಲ್ಲ.

ಅಮೆರಿಕದ ಮಿಶಿಗನ್‌ನಲ್ಲಿ ವಿಲಿಯಂ ಬೀಲ್ ಅಂತ ಒಬ್ಬ ಸಸ್ಯಶಾಸ್ತ್ರಜ್ಞ ಇದ್ದರು. ಕಳೆ ಬೀಜಗಳು ಮಣ್ಣಲ್ಲಿ ಎಷ್ಟು ವರ್ಷ ಬದುಕಿರುತ್ತವೆ ಅಂತ ತಿಳಿಯೋಕೆ 1879ರಲ್ಲಿ 20 ಬಾಟಲಿಗಳಲ್ಲಿ ಮರಳಿನ ಜೊತೆ ಬೀಜ ಬೆರೆಸಿ ಕಾಲೇಜಿನ ಆವರಣದಲ್ಲಿ ಹೂತಿಟ್ಟರು. ಮೊದಲು ಐದು ವರ್ಷಕ್ಕೊಂದು ತೆಗೆಯುತ್ತಿದ್ದರು, ಆಮೇಲೆ ಹತ್ತು ವರ್ಷಕ್ಕೊಂದು, ಈಗ ಇಪ್ಪತ್ತು ವರ್ಷಕ್ಕೊಂದು. 2021ರಲ್ಲಿ ತೆಗೆದ ಬಾಟಲಿಯಲ್ಲೂ ಕೆಲವು ಬೀಜ ಮೊಳೆತವು! ಬಹಳಷ್ಟು ಜಾತಿಯ ಬೀಜಗಳು ಯಾವತ್ತೋ ಸತ್ತಿದ್ದವು. ಮುಂದಿನದು 2040ಕ್ಕೆ, ಕೊನೆಯದು 2100ಕ್ಕೆ. ಬೀಲ್ ಅವರ ಶಿಷ್ಯರ ಶಿಷ್ಯರು ಮಾಡೋದೂ ಅಪ್ಪ ಮಾಡುತ್ತಿದ್ದ ಕೆಲಸವನ್ನೇ. ನೀರು ಕೊಟ್ಟು, ಕಾದು, ಎಣಿಸೋದು.

ಕಾಯುವ ಆ ದಿನಗಳಲ್ಲಿ ಒಂದು ವಿಷಯ ತಲೆಗೆ ಹೊಕ್ಕಿತು. ಜೀವಕೋಶ ಹುಟ್ಟೋದು ಇನ್ನೊಂದು ಜೀವಕೋಶದಿಂದ ಮಾತ್ರ ಅಂತ ಜರ್ಮನಿಯ ರುಡಾಲ್ಫ್ ವಿರ್ಕೋ 1855ರಲ್ಲೇ ಬರೆದಿದ್ದರು. ಅಂದರೆ ಈ ಕಾಳಿನೊಳಗಿನ ಮರಿಗಿಡ ಅಪ್ಪನ ಹೊಲದ ಗಿಡದ ಮುಂದುವರಿಕೆ. ಆ ಗಿಡ ತಾತನ ಹೊಲದ್ದರ ಮುಂದುವರಿಕೆ. ನಡುವೆ ಎಲ್ಲೂ ಒಂದು ಕ್ಷಣವೂ ಕಡಿದಿಲ್ಲ. ಕಡಿದಿದ್ದರೆ ಈ ಕಾಳೇ ಇರುತ್ತಿರಲಿಲ್ಲ. ನಮ್ಮ ನಾಟಿ ಅವರೆಗೆ ಇರುಳು ಉದ್ದ ಆಗೋದು ತಿಳಿಯುತ್ತೆ. ಯಾವಾಗ ಬಿತ್ತಿದರೂ ಹಗಲು ಕಮ್ಮಿಯಾಗೋವರೆಗೆ ಕಾದು ಹೂ ಬಿಡುತ್ತೆ, ಚಳಿಗೆ ಸರಿಯಾಗಿ ಸೊಗಡು ತರುತ್ತೆ. ಆಮೇಲೆ ಬಂದ ಹೆಬ್ಬಾಳ ಅವರೆಯ ತಳಿಗಳಿಗೆ ಆ ಹಂಗಿಲ್ಲ, ವರ್ಷವಿಡೀ ಕಾಯಿ ಕೊಡುತ್ತವೆ. ಆ ಕಾಯುವ ತಿಳಿವಳಿಕೆಯೂ ಡಬ್ಬದೊಳಗಿನ ಕಾಳಲ್ಲೇ ಬರೆದಿಟ್ಟಿತ್ತು. ಅದನ್ನ ನಾನು ಅಟ್ಟದ ಮೇಲೆ ವರ್ಷ ವರ್ಷ ಸಾಯೋಕೆ ಬಿಟ್ಟಿದ್ದೆ.

ಏಳನೇ ದಿನ ಗೋಣಿ ಬಿಚ್ಚಿದೆವು. ಕೆಲವು ಕಾಳು ಬೂಸ್ಟು ಹಿಡಿದು ಮೆತ್ತಗಾಗಿದ್ದವು. ಕೆಲವು ಸಿಪ್ಪೆ ಸೀಳಿ ಬೆರಳುದ್ದ ಬೇರು ಬಿಟ್ಟಿದ್ದವು. ಮಗಳು ಎರಡು ಸಲ ಎಣಿಸಿದಳು. ಮೂವತ್ತೇಳು.

ನೂರಕ್ಕೆ ಮೂವತ್ತೇಳು. ಅಪ್ಪ ಇದ್ದಾಗ ಎಂಬತ್ತಕ್ಕಿಂತ ಕಮ್ಮಿ ಬಂದರೆ ಬೇರೆಯವರ ಹತ್ತಿರ ಬೀಜ ಕೇಳುತ್ತಿದ್ದರು. ಉಳಿದ ಅರವತ್ತಮೂರು ಯಾವತ್ತು ಸತ್ತವೋ, ನಾನು ಯಾವ ರಿಲೀಸ್ ನೋಡಿಕೊಳ್ಳುತ್ತಿದ್ದಾಗಲೋ. ಅವ್ವನಿಗೆ ಫೋನ್ ಮಾಡಿ ಹೇಳೋಕೆ ಸಂಕಟ ಆಯ್ತು.

ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಮೂವತ್ತೇಳು ಅಂದ್ರೆ ಒತ್ತಾಗಿ ಹಾಕ್ಬೇಕು, ಒಂದು ಕಡೆಗೆ ಮೂರು ಕಾಳು. ಹೊಲ ಪೂರ್ತಿ ಆಗಲ್ಲ, ಬಾವಿ ಪಕ್ಕದ ತುಂಡಿಗೆ ಸಾಕು. ಬೀಜ ಮಾಡ್ಕಳಾಣ. ಆಷಾಢದಲ್ಲಿ ರಜ ಹಾಕಿ ಬಾ" ಅಂದಳು. ಹಾಕಿದ್ದೇನೆ.

ಮಗಳು 'ಬೀಜ'ವನ್ನ ಎಡಕ್ಕೆ ಬರೆದಳು. ಟೀಚರ್ ಕಾರಣ ಕೇಳಿದರೆ ಏನು ಹೇಳ್ತೀಯ ಅಂದೆ. "ಸತ್ತಿರೋದು ಅರವತ್ತಮೂರು ಇತ್ತಲ್ಲಪ್ಪಾ. ಕಲ್ಲು ಸಾಯಲ್ಲ" ಅಂದಳು.