ಮುಟ್ಟಲ್ಲ, ಬೆದೆ

ಹೆಣ್ಣು ನಾಯಿ ಸಾಕಿದವರು ಲಿಫ್ಟಿನಲ್ಲಿ ಸಿಕ್ಕಾಗ ದನಿ ತಗ್ಗಿಸಿ ಹೇಳುವ ಮಾತೊಂದಿದೆ: "ಅವಳಿಗೆ ಪೀರಿಯಡ್ಸ್ ಶುರುವಾಗಿದೆ." ಪುಣೆಯ ನಮ್ಮ ಕಟ್ಟಡದಲ್ಲಿ ಮರಾಠಿಯವರೂ ಹೀಗೇ ಹೇಳುತ್ತಾರೆ, ಹಿಂದಿಯವರೂ ಹೀಗೇ, ಇಬ್ಬರು ಮೂವರು ಕನ್ನಡದವರೂ ಹೀಗೇ. ಅನುವಾದ ಮಾಡಿ ಬದುಕುವ ನನಗೆ ಈ ಮಾತು ಮೊದಲಿನಿಂದಲೂ ಚುಚ್ಚುತ್ತದೆ. ಇದು ತಪ್ಪು ಅನುವಾದ. ಈ ತಪ್ಪಿನ ಬೆಲೆ ತೆರುವುದು ನಾಯಿ.

ಹೆಂಗಸರಲ್ಲಿ ರಕ್ತ ಕಾಣಿಸುವುದು ಆ ಸಲ ಗರ್ಭ ನಿಲ್ಲಲಿಲ್ಲ ಎಂಬುದಕ್ಕೆ. ನಾಯಿಯಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ರಕ್ತ ಮುನ್ಸೂಚನೆ. ದೇಹ ಗರ್ಭಕ್ಕೆ ಸಿದ್ಧವಾಗುತ್ತಿದೆ ಎಂದು ಅರ್ಥ. ಇದನ್ನು ಮುಟ್ಟು ಎಂದು ಕರೆದರೆ, ರಕ್ತ ನಿಂತ ಕೂಡಲೇ ಎಲ್ಲ ಮುಗಿಯಿತು ಎಂದು ಮನಸ್ಸು ತಾನಾಗಿಯೇ ತೀರ್ಮಾನಿಸುತ್ತದೆ. ನಿಜವಾಗಿ ಆಗ ಅಸಲು ದಿನಗಳು ಶುರುವಾಗಿರುತ್ತವೆ.

ನಮ್ಮ ಚಿಗರಿ ಬೀದಿಯಲ್ಲಿ ಹುಟ್ಟಿದವಳು. ಎಂಟು ತಿಂಗಳಿದ್ದಾಗ ಮೊದಲ ಸಲ ಬೆದೆಗೆ ಬಂದಳು. ಸಣ್ಣ, ಮಧ್ಯಮ ಗಾತ್ರದ ನಾಯಿಗಳಲ್ಲಿ ಇದು ಸಾಮಾನ್ಯವಾಗಿ ಆರರಿಂದ ಹನ್ನೆರಡು ತಿಂಗಳೊಳಗೆ ಆಗುತ್ತದೆ. ದೊಡ್ಡ ತಳಿಗಳಲ್ಲಿ ಒಂದೂವರೆ, ಎರಡು ವರ್ಷವೂ ಹಿಡಿಯಬಹುದು. ಗಣೇಶ ಚತುರ್ಥಿಗೆ ಮುಂಚಿನ ದಿನಗಳವು, ಸಂಜೆಯಾದರೆ ಎಲ್ಲೆಡೆ ಢೋಲ್ ತಾಶಾ ತಾಲೀಮು. ಅವಳ ಚಡಪಡಿಕೆಗೆ ಆ ಸದ್ದೇ ಕಾರಣ ಎಂದರು ಮನೆಗೆ ಬಂದವರು. ಆದರೆ ಸದ್ದಿಗೆ ಹೆದರಿದ ನಾಯಿ ಹತ್ತು ಹೆಜ್ಜೆಗೊಮ್ಮೆ ನಿಂತು ಚೂರುಚೂರೇ ಉಚ್ಚೆ ಹೊಯ್ಯುವುದಿಲ್ಲ. ಕೂತಲ್ಲಿ ಕೂತು ತನ್ನನ್ನೇ ನೆಕ್ಕಿಕೊಳ್ಳುತ್ತಿದ್ದಳು. ಬಾಲದ ಕೆಳಗಿನ ಭಾಗ ಊದಿತ್ತು. ಗೇಟಿನ ಬಳಿಯ ಗಂಡು ನಾಯಿ ಹಿಂದೆ ಬಂದರೆ ಬಾಲ ಮಡಚಿ ಕೂತುಬಿಡುತ್ತಿದ್ದಳು, ಮೂಸಿದರೆ ಗುರ್ರೆನ್ನುತ್ತಿದ್ದಳು. ಎರಡು ದಿನ ಬಿಟ್ಟು ಚಾದರದ ಮೇಲೆ ಕೆಂಪು ಚುಕ್ಕೆ ಕಂಡಿತು.

ಎಲ್ಲ ನಾಯಿಗಳಲ್ಲೂ ಚುಕ್ಕೆ ಕಾಣುವುದಿಲ್ಲ. ಕೆಲವು ನೆಕ್ಕಿ ನೆಕ್ಕಿ ಚೊಕ್ಕ ಮಾಡಿಬಿಡುತ್ತವೆ. ಅಂಥವಕ್ಕೆ ದಿನಾ ಬೆಳಗ್ಗೆ ಬಿಳಿ ಟಿಶ್ಯೂ ಕಾಗದ ಒತ್ತಿ ನೋಡುವುದು ಸುಲಭದ ಉಪಾಯ.

ರಕ್ತದ ಈ ಹಂತ ಸರಾಸರಿ ಒಂಬತ್ತು ದಿನ. ಮೂರೇ ದಿನಕ್ಕೂ ಮುಗಿಯಬಹುದು, ಎರಡು ವಾರ ದಾಟಲೂಬಹುದು. ಚಿಗರಿಗೆ ಹತ್ತನೆಯ ದಿನ ಬಣ್ಣ ತೆಳುವಾಗಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿತು. ಮೇಲಿನ ಮನೆಯವರು, "ಮುಗೀತಲ್ಲ, ಇನ್ನು ಕೆಳಗೆ ಆಡಲು ಬಿಡಿ" ಎಂದರು. ಅದೇ ರಾತ್ರಿ ಊರಿಂದ ಅವ್ವನ ಫೋನು. ವಿಷಯ ಕೇಳಿ ಅವ್ವ ಅಂದದ್ದು ಇಷ್ಟು: "ಮುಟ್ಟಲ್ಲವಾ ಅದು, ಬೆದಿಗಿ ಬಂದೈತಿ. ಈಗ ಬಿಟ್ಟೀ ಅಂದ್ರ ಮುಗೀತು."

ಎಮ್ಮೆ ಕಟ್ಟಿದ ಮನೆಯಲ್ಲಿ ಬೆಳೆದ ಅವ್ವನಿಗೆ ಆ ಪದ ಹೇಳಲು ಯಾವ ಮುಜುಗರವೂ ಇಲ್ಲ. ನಿಘಂಟು ತೆರೆದರೆ ಬೆದೆ ಎಂಬುದಕ್ಕೆ ಇನ್ನೊಂದು ಅರ್ಥವೂ ಸಿಗುತ್ತದೆ: ಬಿತ್ತನೆ, ಬಿತ್ತುವುದಕ್ಕೆ ತಕ್ಕ ಹದ. ಬೆದೆಗಾಲ ಎಂದರೆ ಬಿತ್ತನೆಯ ಕಾಲ. ಮಳೆ ಬೀಳುವಾಗ ಯಾರೂ ಬಿತ್ತುವುದಿಲ್ಲ. ಮಳೆ ನಿಂತು, ನೆಲ ಹದಕ್ಕೆ ಬಂದಾಗ ಬಿತ್ತುತ್ತಾರೆ. ನಾಯಿಯ ದೇಹದಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ಪದವೇ ಎಚ್ಚರಿಕೆಯನ್ನು ಹೊತ್ತುಕೊಂಡಿದೆ.

ಮರುದಿನ ಚಿಗರಿಯ ಸೊಂಟದ ಮೇಲೆ ಕೈಯಿಟ್ಟರೆ ಬಾಲ ಒಂದು ಪಕ್ಕಕ್ಕೆ ಸರಿಯಿತು, ಅವಳು ಅಲ್ಲಾಡದೆ ನಿಂತಳು. ಊತ ಮೆತ್ತಗಾಗಿತ್ತು. ಗಂಡನ್ನು ಒಲ್ಲೆನೆನ್ನುತ್ತಿದ್ದವಳು ಈಗ ಗೇಟಿನ ಕಡೆಗೆ ಎಳೆಯುತ್ತಿದ್ದಳು. ಈ ಹಂತವೂ ಸರಾಸರಿ ಒಂಬತ್ತು ದಿನ. ಗಂಡಿನ ವೀರ್ಯಾಣು ಒಳಗೆ ಐದಾರು ದಿನ ಬದುಕಿರಬಲ್ಲದು, ಆದ್ದರಿಂದ ಒಂದು ಸಲದ ಕೂಡಿಕೆಯೇ ಸಾಕು. ಮೊದಲ ಚುಕ್ಕೆ ಕಂಡ ದಿನದಿಂದ ಮೂರು ವಾರ ಪೂರ್ತಿ, ಸಾಧ್ಯವಾದರೆ ಇನ್ನೂ ಕೆಲವು ದಿನ, ನಾವು ಅವಳನ್ನು ಹಗ್ಗ ಬಿಚ್ಚಿ ಬಿಡಲಿಲ್ಲ. ದಿನದ ಬಗ್ಗೆ ಖಚಿತವಾಗಿ ತಿಳಿಯಬೇಕೆನ್ನುವವರಿಗೆ ಪಶುವೈದ್ಯರಲ್ಲಿ ಪ್ರೊಜೆಸ್ಟರಾನ್ ರಕ್ತ ಪರೀಕ್ಷೆ ಇದೆ.

ಕಾಲದ ಮಾತೂ ಇದೆ. ಸಾಕಿದ ತಳಿಗಳು ಸುಮಾರು ಏಳು ತಿಂಗಳಿಗೊಮ್ಮೆ, ಯಾವ ಋತುವಿನಲ್ಲಾದರೂ ಬೆದೆಗೆ ಬರುತ್ತವೆ. ನಮ್ಮ ಬೀದಿನಾಯಿಗಳು ಬಹುಪಾಲು ಮಳೆಗಾಲದ ಕೊನೆಯಿಂದ ಚಳಿ ಶುರುವಾಗುವವರೆಗೆ. ಅದಕ್ಕೇ ಚಳಿಗಾಲದಲ್ಲಿ ಬೀದಿ ತುಂಬ ಮರಿ. ಭಾಷೆಗಳಿಗೆ ಇದು ಗೊತ್ತು. ಮರಾಠಿಯವರು ಭಾದ್ರಪದದ ನಾಯಿ ಎನ್ನುತ್ತಾರೆ, ತೆಲುಗಿನವರು ಚಿತ್ತ ಕಾರ್ತೆಯ ನಾಯಿ, ಮಲಯಾಳಿಗಳು ಕನ್ನಿ ಮಾಸದ ನಾಯಿ. ಮೂರೂ ಗಂಡಸರನ್ನು ಬಯ್ಯುವ ಮಾತುಗಳು. ಆದರೆ ಗಂಡು ನಾಯಿಗೆ ತಿಂಗಳಿಲ್ಲ, ಅದು ವರ್ಷವಿಡೀ ಸಿದ್ಧ. ಪಂಚಾಂಗ ಇರುವುದು ಹೆಣ್ಣಿನ ದೇಹದಲ್ಲಿ. ಜನ ನೋಡಿದ್ದು ಹಿಂದೆ ಓಡುವವರನ್ನು; ಮುಂದೆ ನಡೆಯುತ್ತಿದ್ದವಳನ್ನು ನೋಡಿದವರು ಕಡಿಮೆ.

ನೋಡದಿದ್ದರೆ ಆಗುವ ನಷ್ಟ ಬರೀ ಮರಿಗಳದ್ದಲ್ಲ. ಬೆದೆ ಮುಗಿದ ಕೆಲವು ವಾರಗಳಲ್ಲಿ, ವಿಶೇಷವಾಗಿ ವಯಸ್ಸಾದ ನಾಯಿಗಳಿಗೆ, ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ ಬರಬಹುದು. ವಿಪರೀತ ನೀರು ಕುಡಿಯುವುದು, ಊಟ ಬಿಡುವುದು, ವಾಂತಿ, ಮಂಕು. ಕೀವು ಹೊರಗೆ ಬರದೆಯೂ ಇರಬಹುದು. ತಡ ಮಾಡಿದರೆ ಜೀವವೇ ಹೋಗುತ್ತದೆ. ಅಂಥ ದಿನ ವೈದ್ಯರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು: ಹಿಂದಿನ ಸಲ ಬೆದೆಗೆ ಬಂದದ್ದು ಯಾವಾಗ?

ಅದಕ್ಕೆ ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿನಲ್ಲಿ ತಾರೀಖು ಬರೆದೆ. ಬೆದೆಯಲ್ಲಿದ್ದಾಗ ಅಲ್ಲಿಯ ರಕ್ತನಾಳಗಳು ಉಬ್ಬಿರುತ್ತವೆ, ಶಸ್ತ್ರಚಿಕಿತ್ಸೆಗೆ ಅದು ಒಳ್ಳೆಯ ಸಮಯವಲ್ಲ ಎಂದು ವೈದ್ಯರು ಮೂರು ತಿಂಗಳು ಕಾಯಲು ಹೇಳಿದರು. ಡಿಸೆಂಬರಿನಲ್ಲಿ ಚಿಗರಿಗೆ ಸಂತಾನಹರಣ ಚಿಕಿತ್ಸೆ ಆಯಿತು. ಅರ್ಜಿಯಲ್ಲಿ "ಕೊನೆಯ ಹೀಟ್" ಎಂಬ ಕಾಲಮ್ಮಿನ ಎದುರು ದಿನ, ತಿಂಗಳು ಎರಡನ್ನೂ ತುಂಬಿ ಕೊಟ್ಟೆ.