ಎರಡು ನಿಮಿಷದ ಬಿಡುವು

ಶಿರಾಡಿ ಘಾಟಿಯ ತಲೆಯಲ್ಲಿರುವ ಮಾರನಹಳ್ಳಿಯ ಮೇಲಣ ಆಕಾಶವು ಇರುಳಿನಲ್ಲಿಯೂ ಪೂರ್ತಿ ಕತ್ತಲೆಯಲ್ಲ. ಎತ್ತರದ ಆಮ್ಲಜನಕದ ಪರಮಾಣುಗಳು ಕಣ್ಣಿಗೆಟುಕದಷ್ಟು ಮಂದವಾಗಿ ಬೆಳಗುತ್ತಿರುತ್ತವೆ. ಚೈತನ್ಯವನ್ನು ಪಡೆದ ಪರಮಾಣುವು ಹಸುರು ಬೆಳಕನ್ನು ಚೆಲ್ಲಲು ಸುಮಾರು ಒಂದು ಸೆಕೆಂಡು ಸಾಕು. ಕೆಂಪನ್ನು ಚೆಲ್ಲಲು ಸುಮಾರು ಎರಡು ನಿಮಿಷ ಬೇಕು. 100 ಕಿಲೋಮೀಟರ್ ಎತ್ತರದಲ್ಲಿ ಅಷ್ಟು ಹೊತ್ತು ಅದನ್ನು ಸುಮ್ಮನೆ ಬಿಡುವವರಿಲ್ಲ. ನೆರೆಯ ಅಣುಗಳು ಬಂದು ತಾಗುತ್ತವೆ. ಬೆಳಕಾಗಬೇಕಾದುದು ಅವುಗಳ ಚಲನೆಯಲ್ಲಿ ಸೇರಿ ಬಿಸಿಯಾಗುತ್ತದೆ. 200 ಕಿಲೋಮೀಟರಿಗೂ ಮೇಲೆ, ಸಂಘಟ್ಟನಗಳು ವಿರಳವಾದಲ್ಲಿ ಮಾತ್ರ ಕೆಂಪು ಉಳಿಯುತ್ತದೆ. 2024ರ ಮೇ ತಿಂಗಳಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಕ್ಯಾಮೆರಾಗಳು ಲಡಾಖಿನ ಹಾನ್ಲೆಯಿಂದ ಕಂಡ ಕೆಂಪು ಪ್ರಭೆಯು ಈ ಬಗೆಯದೇ. ಸಂಘಟ್ಟನಗಳು ಹೆಚ್ಚಿದಂತೆ ಅನಿಲದ ಪ್ರತಿದೀಪ್ತಿಯು ಕುಂದುವ ಪ್ರಮಾಣವನ್ನು 1919ರಲ್ಲಿಯೇ ಸ್ಟರ್ನ್, ಫೋಲ್ಮರ್ ಎಂಬ ಜರ್ಮನ್ ವಿದ್ವಾಂಸರು ಗಣಿತದಲ್ಲಿ ಹಿಡಿದಿದ್ದರು.

ಮಲೆನಾಡಿನ ತುಂಬಿದ ಮನೆಗಳಲ್ಲಿ ಹಾಡಬಲ್ಲ, ಓದಬಲ್ಲ ಹಿರಿಯ ಸೊಸೆಯರು ಎಷ್ಟೋ ಮಂದಿ ಇದ್ದರು. ಒಲೆ, ತೊಟ್ಟಿಲು, ಬಂದ ನೆಂಟರು, ಒಂದಾದ ಮೇಲೊಂದು ತಾಗುತ್ತ ಹೋಗಿ ಅವರ ಬೆಳಕೆಲ್ಲವೂ ಮನೆಯ ಬಿಸಿಯಾಯಿತು. ಬಿಸಿಯು ವ್ಯರ್ಥವಲ್ಲ, ನಿಜ. ಆದರೆ ಆ ಬಿಸಿಯಲ್ಲಿ ಬೆಳೆದವರು ಒಮ್ಮೆಯಾದರೂ ಕೇಳಿಕೊಳ್ಳಬೇಕಾದ ಮಾತೊಂದುಂಟು: ಅವರಿಗೂ ಎರಡು ನಿಮಿಷದ ಬಿಡುವು ದೊರೆತಿದ್ದರೆ?