ಲಾರಿಯ ಹಿಂದಿನ ಕೆಂಪು ಪಟ್ಟಿ

ಅಪಘಾತದಲ್ಲಿ ಗಂಡನನ್ನು ಕಳೆದುಕೊಂಡ ತಾಯಿಯೊಬ್ಬರು ಪೊಲೀಸರ ಮಲಯಾಳ ಕಾಗದ ಹಿಡಿದು ಶಾಲೆಗೆ ಬಂದಿದ್ದರು. ನಾವು ಕನ್ನಡದಲ್ಲಿ ಓದಿ ಹೇಳಿದೆವು. ರಾತ್ರಿ ನಿಂತಿದ್ದ ಲಾರಿಗೆ ಹಿಂದಿನಿಂದ ಬೈಕ್ ಬಡಿದಿತ್ತು. 'ಬೈಕಿನವನದೇ ತಪ್ಪು' ಎಂದು ಊರೆಲ್ಲ ಮಾತು.

ಲಾರಿಯ ಹಿಂದೆ ಬೆಳಕಿಗೆ ಹೊಳೆಯುವ ಕೆಂಪು ಪಟ್ಟಿ, ಚಿಕ್ಕ ವಾಹನ ಅಡಿಗೆ ನುಗ್ಗದಂತೆ ತಡೆಯುವ ಕಬ್ಬಿಣದ ಅಡ್ಡಪಟ್ಟಿ ಇರಬೇಕೆಂಬುದು ನಿಯಮ. ಅವು ಇರಲಿಲ್ಲವೆಂದು ತೋರಿಸುವ ಫೋಟೋ ಪರಿಹಾರದ ದಾವೆಯಲ್ಲಿ ಒಳ್ಳೆಯ ಸಾಕ್ಷಿ. ಸವಾರನದೂ ತಪ್ಪಿದೆ ಎಂದಾದರೆ ಪರಿಹಾರದಲ್ಲಿ ಅಷ್ಟು ಪಾಲು ಕಡಿತ! ಲಾರಿ ರಿಪೇರಿಯಾಗಿ ಹೊರಟರೆ ಸಾಕ್ಷಿಯೂ ಹೋಯಿತು.

ಇನ್ನೊಂದು ಮಾತು. ಅಪಘಾತ ಮಂಗಳೂರಿನಲ್ಲಾದರೂ, 1988ರ ಮೋಟಾರು ವಾಹನ ಕಾಯ್ದೆಯ 166ನೇ ಕಲಮಿನಂತೆ ಕಾಸರಗೋಡಿನಲ್ಲಿ ವಾಸಿಸುವವರು ತಮ್ಮ ಪ್ರದೇಶದ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಮುಂದಿನ ಪೋಷಕರ ಸಭೆಯಲ್ಲಿ ನಾವೆಲ್ಲ ಇದನ್ನು ಹೇಳೋಣ.